ಹಾಲುಣಿಸುವಾಗಿನ ನೋವು: ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಕಳೆದ ಸಂಚಿಕೆಯಲ್ಲಿ ಬಾಣಂತಿಯ ಊಟದ ಬಗ್ಗೆ ಬರೆಯುತ್ತಾ, ಮಗುವಿಗೆ ಹಾಲು ಕೊಡುವಾಗ ನೋವು ಅನುಭವಿಸುತ್ತಿರುವವರು ಸಂಕೋಚವಿಲ್ಲದೆ ಬರೆದು ಕೇಳಬಹುದೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಮಂಗಳೂರು, ಉಡುಪಿಗಳ ಸುತ್ತಮುತ್ತಲಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಊರಿನ ಹೆಸರು ಮಾತ್ರ ಇದೆ, ಬರೆದವರ ಹೆಸರಿಲ್ಲ. ಅದು ಬೇಕಾಗಿಯೂ ಇಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ ಚೊಚ್ಚಲ ಹೆರಿಗೆಯಾಗಿ ಹನ್ನೆರಡು ದಿನಗಳಾದವು. ಎರಡೂ ತೊಟ್ಟುಗಳು ಒಡೆದಿವೆ. ಮಗು ಬಾಯಿ ಹಾಕಿದ ಕೂಡಲೇ ಕಣ್ಣಲ್ಲಿ ನೀರು ಬರುತ್ತದೆ. ಅದು ಅತ್ತರೆ ಹಸಿವಾಯಿತಲ್ಲ ಎಂದು ನನಗೇ ಹೆದರಿಕೆಯಾಗುತ್ತದೆ. ಮೊನ್ನೆ ಮಗು ಕಕ್ಕಿದ ಹಾಲಿನಲ್ಲಿ ರಕ್ತದ ಗೆರೆಯೂ ಕಂಡಿತು. ಅತ್ತೆಯವರು ‘ಮೊದಲ ಮಗುವಿಗೆ ಎಲ್ಲರಿಗೂ ಹೀಗೇ, ತಡೆದುಕೊಂಡರೆ ತೊಟ್ಟು ತಾನಾಗಿ ಗಟ್ಟಿಯಾಗುತ್ತದೆ’ ಎನ್ನುತ್ತಾರೆ. ತೆಂಗಿನೆಣ್ಣೆ ಹಚ್ಚಬಹುದೇ? (ಸುರತ್ಕಲ್)

ಉತ್ತರ: ನಿಮ್ಮ ಅತ್ತೆಯವರು ಧೈರ್ಯ ತುಂಬುವುದಕ್ಕೆಂದೇ ಹಾಗೆ ಹೇಳಿದ್ದಾರೆ, ಮತ್ತು ಅದರಲ್ಲಿ ಸ್ವಲ್ಪ ನಿಜವೂ ಇದೆ. ಮೊದಲ ಕೆಲವು ದಿನಗಳಲ್ಲಿ ಮಗು ಚೀಪಲು ತೊಡಗಿದ ಅರ್ಧ ನಿಮಿಷ, ಒಂದು ನಿಮಿಷ ತೊಟ್ಟು ಎಳೆದಂತಾಗಿ ಆಮೇಲೆ ಶಮನವಾಗುವುದು ಸಹಜ. ಆದರೆ ಮಗು ಕುಡಿದು ಮುಗಿಸುವವರೆಗೂ ನಿಲ್ಲದ ನೋವು, ಒಡೆದ ಚರ್ಮ, ರಕ್ತ, ಇವು ಸಹಜವಲ್ಲ. ನೋವು ತಡೆದುಕೊಂಡರೆ ತೊಟ್ಟು ಗಟ್ಟಿಯಾಗುತ್ತದೆ ಎಂಬುದೂ ಸರಿಯಲ್ಲ. ಗಾಯ ಮಾಯದೆ ದಿನವೂ ಹೊಸದಾಗಿ ಕೆರೆಯುತ್ತಿದೆ ಎಂದೇ ಅದರ ಅರ್ಥ. ಇಂತಹ ದೂರು ಹೊತ್ತು ಬರುವ ತಾಯಂದಿರಲ್ಲಿ ನಾನು ಮೊದಲು ನೋಡುವುದು ತೊಟ್ಟನ್ನಲ್ಲ, ಮಗುವಿನ ಬಾಯಿಯಲ್ಲಿ ಎದೆಯ ಎಷ್ಟು ಭಾಗ ಇದೆ ಎಂಬುದನ್ನು.

ನಿಮ್ಮ ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿನಿಂದ ಅಂಗುಳಿನ ಉದ್ದಕ್ಕೂ ಹಿಂದಕ್ಕೆ ಸರಿಸಿ ನೋಡಿ. ಮುಂಭಾಗ ಎಲುಬಿನಂತೆ ಗಟ್ಟಿ, ಹಿಂಭಾಗ ಮೆತ್ತಗೆ. ಮಗು ತೊಟ್ಟನ್ನಷ್ಟೇ ಬಾಯಿಗೆ ತೆಗೆದುಕೊಂಡರೆ ಆ ಸೂಕ್ಷ್ಮ ಚರ್ಮ ನಾಲಿಗೆಗೂ ಗಟ್ಟಿ ಅಂಗುಳಿಗೂ ನಡುವೆ ಸಿಕ್ಕಿ ಪ್ರತಿ ಚೀಪಿಗೂ ಉಜ್ಜುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನು ಬಾಯಿ ತುಂಬ ತೆಗೆದುಕೊಂಡರೆ ತೊಟ್ಟು ಹಿಂದಿನ ಮೆತ್ತಗಿನ ಜಾಗದ ಹತ್ತಿರ ತಲುಪುತ್ತದೆ. ಅಲ್ಲಿ ಉಜ್ಜುವುದೂ ಇಲ್ಲ, ಹಾಲೂ ಚೆನ್ನಾಗಿ ಬರುತ್ತದೆ.

ಹೀಗಾಗಿ ಮಗುವನ್ನು ಎದೆಯ ಹತ್ತಿರಕ್ಕೆ ತನ್ನಿ, ಎದೆಯನ್ನು ಮಗುವಿನ ಕಡೆಗೆ ಬಗ್ಗಿಸಬೇಡಿ. ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಮಗುವಿನ ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿ ಇರುವಂತೆ, ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಹಿಡಿಯಿರಿ. ಮಗು ಅಂಗಾತ ಮಲಗಿ ಕುತ್ತಿಗೆ ತಿರುಗಿಸಿಕೊಂಡು ಕುಡಿಯುವಂತೆ ಇರಬಾರದು. ನಾವಾದರೂ ಭುಜದ ಕಡೆಗೆ ಮುಖ ತಿರುಗಿಸಿಕೊಂಡು ಗಂಜಿ ಕುಡಿಯಲಾರೆವು. ಮಗುವಿನ ಮೂಗಿಗೆ ಎದುರಾಗಿ ತೊಟ್ಟು ಇರಲಿ, ಮೇಲ್ದುಟಿಗೆ ಅದನ್ನು ಮೆಲ್ಲಗೆ ಸೋಕಿಸಿ, ಆಕಳಿಸುವಾಗಿನಷ್ಟು ಅಗಲವಾಗಿ ಬಾಯಿ ತೆರೆಯುವವರೆಗೆ ಕಾಯಿರಿ. ಕಾಯುವುದೇ ಕಷ್ಟದ ಭಾಗ, ಏಕೆಂದರೆ ಮಗು ಅಳುತ್ತಿರುತ್ತದೆ ಮತ್ತು ಸುತ್ತ ನಿಂತವರು ‘ಬಾಯಿಗೆ ಕೊಡು’ ಎನ್ನುತ್ತಿರುತ್ತಾರೆ. ಬಾಯಿ ತೆರೆದ ಕ್ಷಣದಲ್ಲಿ ಮಗುವಿನ ಬೆನ್ನಿಗೆ ಕೊಟ್ಟ ಕೈಯಿಂದ, ಗಲ್ಲ ಮೊದಲು ಎದೆಗೆ ತಾಗುವಂತೆ ಹತ್ತಿರ ಎಳೆದುಕೊಳ್ಳಿ. ಸರಿಯಾಗಿ ಹಿಡಿದಿದ್ದರೆ ಕಪ್ಪು ಭಾಗ ಮಗುವಿನ ಮೇಲ್ದುಟಿಯ ಮೇಲೆ ಹೆಚ್ಚು ಕಾಣುತ್ತದೆ, ಕೆಳಗೆ ಕಡಿಮೆ; ಕೆಳದುಟಿ ಹೊರಕ್ಕೆ ಮಡಿಚಿರುತ್ತದೆ; ಕೆನ್ನೆ ಗುಳಿ ಬೀಳದೆ ದುಂಡಗೆ ಇರುತ್ತದೆ; ನುಂಗುವ ಸದ್ದು ಕೇಳಿಸುತ್ತದೆ. ‘ಟಕ್ ಟಕ್’ ಎಂಬ ಸದ್ದು ಬಂದರೆ ಹಿಡಿತ ಸಡಿಲವಾಗಿದೆ ಎಂದು ತಿಳಿಯಿರಿ. ಒಂದು ನಿಮಿಷದ ಮೇಲೂ ನೋಯುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಮಗುವನ್ನು ಹಾಗೆಯೇ ಎಳೆಯಲೂ ಬೇಡಿ. ಶುಚಿಯಾದ ಕಿರುಬೆರಳನ್ನು ಅದರ ಬಾಯಿಯ ಮೂಲೆಯಲ್ಲಿ ಸೇರಿಸಿ ಹಿಡಿತ ಬಿಡಿಸಿ, ಮತ್ತೆ ಮೊದಲಿನಿಂದ ಮಾಡಿ. ಮಗು ಬಿಟ್ಟ ಕೂಡಲೇ ತೊಟ್ಟಿನ ಆಕಾರ ನೋಡುವುದನ್ನು ರೂಢಿ ಮಾಡಿಕೊಳ್ಳಿ. ದುಂಡಗಿದ್ದರೆ ಸರಿ, ಒಂದು ಬದಿಗೆ ಚಪ್ಪಟೆಯಾಗಿ ತುದಿ ಬೆಳ್ಳಗಾಗಿದ್ದರೆ ಅದು ಅಂಗುಳಿಗೆ ಒತ್ತಿ ಉಜ್ಜಿದೆ.

ಗಾಯ ಮಾಯುವವರೆಗೆ ನೋವು ಕಡಿಮೆಯಿರುವ ಬದಿಯಿಂದ ಆರಂಭಿಸಿ. ಕುಡಿಸಿದ ಮೇಲೆ ಎರಡು ಹನಿ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡುವುದು ಎಲ್ಲಕ್ಕಿಂತ ಸುಲಭದ ಉಪಾಯ. ಶುದ್ಧ ತೆಂಗಿನೆಣ್ಣೆಯನ್ನು ತೆಳ್ಳಗೆ ಹಚ್ಚಿದರೆ ತೊಂದರೆಯಿಲ್ಲ, ಔಷಧ ಅಂಗಡಿಯಲ್ಲಿ ಸಿಗುವ ಲ್ಯಾನೋಲಿನ್ ಮುಲಾಮೂ ಆದೀತು. ಆದರೆ ಹಿಡಿತ ಸರಿಯಾಗದೆ ಯಾವ ಎಣ್ಣೆಯೂ ಗಾಯವನ್ನು ಮಾಯಿಸದು. ತೊಟ್ಟಿಗೆ ಸಾಬೂನು, ಸ್ಪಿರಿಟ್ಟು, ಡೆಟಾಲ್ ಖಂಡಿತ ಬೇಡ. ಬಾಯಿಗೆ ಕೊಡುವುದು ಅಸಾಧ್ಯವೇ ಆದರೆ ಒಂದೆರಡು ದಿನ ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಿ, ಬಾಟಲಿಗೆ ಹೋಗಬೇಡಿ.

ಕಕ್ಕಿದ ಹಾಲಿನಲ್ಲಿ ಕಂಡದ್ದು ಬಹುತೇಕ ನಿಮ್ಮ ಒಡೆದ ತೊಟ್ಟಿನ ರಕ್ತ. ಅದರಿಂದ ಮಗುವಿಗೆ ಅಪಾಯವಿಲ್ಲ. ಗಾಯ ಮಾಯ್ದ ಮೇಲೂ ರಕ್ತ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಇಷ್ಟೆಲ್ಲ ಮಾಡಿಯೂ ವಾರದೊಳಗೆ ಗುಣ ಕಾಣದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆಯೇ ಎಂದು ಪರೀಕ್ಷಿಸುವುದು ಅಗತ್ಯ. ಕೆಲವು ಮಕ್ಕಳಿಗೆ ನಾಲಿಗೆ ಮುಂದೆ ಚಾಚಲು ಆಗದಷ್ಟು ಆ ಪೊರೆ ಗಿಡ್ಡಗಿರುತ್ತದೆ, ಅದನ್ನು ಬಿಡಿಸುವುದು ಸಣ್ಣ ಚಿಕಿತ್ಸೆ.

ಪ್ರಶ್ನೆ: ಮಗಳಿಗೆ ಹೆರಿಗೆಯಾಗಿ ಇಂದಿಗೆ ಐದನೇ ದಿನ. ನಿನ್ನೆಯಿಂದ ಎದೆ ಕಲ್ಲಿನಂತೆ ಗಟ್ಟಿಯಾಗಿದೆ, ಮಗುವಿಗೆ ಹಿಡಿಯಲೂ ಆಗುತ್ತಿಲ್ಲ. ಬಾಣಂತನಕ್ಕೆ ಬರುವ ಹೆಂಗಸು ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಸೊಪ್ಪು ಹಾಕಿ ಕಾಯಿಸಿದ ನೀರನ್ನು ಎದೆಯ ಮೇಲೆ ಹೊಯ್ಯುತ್ತಾಳೆ. ಇವತ್ತು ನೋವು ಇನ್ನೂ ಹೆಚ್ಚಾಗಿದೆ. (ಮೂಡುಬಿದಿರೆ)

ಉತ್ತರ: ಅಮ್ಮಾ, ಮೊದಲು ಆ ತಿಕ್ಕುವಿಕೆಯನ್ನು ನಿಲ್ಲಿಸಿ. ಬೆನ್ನು, ಸೊಂಟ, ಕಾಲುಗಳಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದನ್ನು ನಾನು ಬೇಡ ಎನ್ನುವುದಿಲ್ಲ. ನನ್ನ ಎರಡೂ ಬಾಣಂತನಗಳಲ್ಲಿ ಬಚ್ಚಲಿನ ಆ ಅರ್ಧ ಗಂಟೆಯೇ ದಿನದ ಸುಖದ ಹೊತ್ತಾಗಿತ್ತು. ಆದರೆ ಎದೆ ತಿಕ್ಕುವ ಜಾಗವಲ್ಲ.

ಮೂರರಿಂದ ಐದನೇ ದಿನದ ನಡುವೆ ಹಾಲು ಇಳಿದು ಬರುವಾಗ ಎದೆಗೆ ರಕ್ತದ ಹರಿವೂ ಹೆಚ್ಚುತ್ತದೆ, ಅಂಗಾಂಶದೊಳಗೆ ನೀರಿನಂಶವೂ ತುಂಬುತ್ತದೆ. ಹಾಲು ಕಟ್ಟಿದೆ ಎಂದು ನಾವು ಹೇಳುವುದರಲ್ಲಿ ಹಾಲಿನ ಪಾಲು ಸ್ವಲ್ಪ, ಬಾವಿನ ಪಾಲು ಹೆಚ್ಚು. ಬಾವಿರುವಲ್ಲಿ ಬಲವಾಗಿ ತಿಕ್ಕಿದರೆ, ಹೆಚ್ಚು ಹೊತ್ತು ಕಾವು ಕೊಟ್ಟರೆ ಬಾವು ಇಳಿಯದೆ ಏರುತ್ತದೆ. ಉಳುಕಿದ ಕಾಲನ್ನು ತಿಕ್ಕಿದರೆ ಊತ ಹೆಚ್ಚುವುದನ್ನು ನೀವೇ ನೋಡಿರುತ್ತೀರಿ. ಹಿಂದೆ ವೈದ್ಯರಾದ ನಾವೂ ಗಂಟು ಕರಗುವವರೆಗೆ ಒತ್ತಿ ತಿಕ್ಕಲು ಹೇಳುತ್ತಿದ್ದೆವು. ಈಗ ಆ ಸಲಹೆ ಬದಲಾಗಿದೆ.

ಈಗ ಮಾಡಬೇಕಾದದ್ದು ಇಷ್ಟು. ಮಗುವಿಗೆ ಕುಡಿಸುವ ಮುನ್ನ ಎರಡು ಮೂರು ನಿಮಿಷ ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟರೆ ಹಾಲು ಹರಿಯಲು ಅನುಕೂಲ, ಅದಕ್ಕಿಂತ ಹೆಚ್ಚು ಹೊತ್ತು ಬೇಡ. ತೊಟ್ಟಿನ ಸುತ್ತ ಐದೂ ಬೆರಳುಗಳ ತುದಿಯಿಟ್ಟು, ಎದೆಗೂಡಿನ ಕಡೆಗೆ ನೋವಾಗದಷ್ಟು ಮೆಲ್ಲಗೆ ಒಂದು ನಿಮಿಷ ಒತ್ತಿ ಹಿಡಿದರೆ ಆ ಭಾಗದ ಊತ ಹಿಂದಕ್ಕೆ ಸರಿದು ಮೆತ್ತಗಾಗುತ್ತದೆ, ಆಗ ಮಗುವಿಗೆ ಹಿಡಿಯಲು ಸಾಧ್ಯವಾಗುತ್ತದೆ. ಹಗಲು ರಾತ್ರಿ ಸೇರಿ ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ಬಾಣಂತಿ ಮಲಗಲಿ ಎಂದು ರಾತ್ರಿಯ ಹಾಲು ತಪ್ಪಿಸುವ ಮನೆಗಳಲ್ಲಿ ಬೆಳಿಗ್ಗೆ ಎದೆ ಕಲ್ಲಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕುಡಿಸಿದ ಮೇಲೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನೋ ತೆಳುವಾದ ಬೈರಾಸಿನಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ಹದಿನೈದು ನಿಮಿಷ ಇಡಿ. ಬಾಣಂತಿಗೆ ತಣ್ಣನೆಯದು ತಾಗಬಾರದು ಎಂಬ ಮಾತು ನಮ್ಮ ಕಡೆ ಎಷ್ಟು ಗಟ್ಟಿ ಎಂದು ನನಗೆ ಗೊತ್ತಿದೆ, ಆದರೂ ಇಲ್ಲಿ ಶಮನ ಕೊಡುವುದು ತಂಪೇ. ಬಿಗಿ ತಾಳಲಾರದಾದರೆ ಹಾಯೆನಿಸುವಷ್ಟು ಮಾತ್ರ ಕೈಯಿಂದ ಹಿಂಡಲಿ. ಪೂರ್ತಿ ಬರಿದು ಮಾಡಬಾರದು, ಏಕೆಂದರೆ ಹಿಂಡಿದಷ್ಟೂ ಮಗುವಿಗೆ ಅಷ್ಟು ಬೇಕಿದೆ ಎಂದೇ ದೇಹ ತಿಳಿಯುತ್ತದೆ, ನಾಳೆ ಇನ್ನಷ್ಟು ಹಾಲು ತುಂಬುತ್ತದೆ. ನೋವಿಗೆ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು, ಹಾಲುಣಿಸುವವರಿಗೆ ಅವೆರಡೂ ಸುರಕ್ಷಿತ. ಹೊಟ್ಟೆಯ ಹುಣ್ಣು ಅಥವಾ ಉಬ್ಬಸ ಇರುವವರು ಐಬುಪ್ರೊಫೆನ್ ನುಂಗುವ ಮೊದಲು ಕೇಳಬೇಕು. ಎರಡು ಮೂರು ದಿನಗಳಲ್ಲಿ ಈ ಬಿಗಿ ಇಳಿಯುತ್ತದೆ.

ಪ್ರಶ್ನೆ: ಹೆರಿಗೆಯಾಗಿ ಮೂರು ವಾರ. ಬಲಗಡೆ ಎದೆಯಲ್ಲಿ ಒಂದು ಕಡೆ ಕೆಂಪಗಾಗಿ ಮುಟ್ಟಲಾಗುತ್ತಿಲ್ಲ, ಮೈಯೆಲ್ಲ ನೋವು, ಚಳಿ, ನಿನ್ನೆ ರಾತ್ರಿ ಜ್ವರ 102 ಡಿಗ್ರಿ ಇತ್ತು. ಹಾಲು ಕೆಟ್ಟಿರುತ್ತದೆ, ಆ ಬದಿಯದ್ದನ್ನು ಮಗುವಿಗೆ ಕೊಡಬೇಡ ಎನ್ನುತ್ತಿದ್ದಾರೆ. (ಕಾರ್ಕಳ)

ಉತ್ತರ: ಈ ಸಂಚಿಕೆ ನಿಮ್ಮ ಕೈ ಸೇರುವ ಮೊದಲೇ ನೀವು ವೈದ್ಯರನ್ನು ಕಂಡಿರುತ್ತೀರಿ ಎಂದು ನಂಬುತ್ತೇನೆ, ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಇದು ಎದೆಬಾವು. ಹಟ್ಟಿಯಲ್ಲಿ ದನ ಇರುವ ಮನೆಯವರಿಗೆ ಕೆಚ್ಚಲು ಬಾವು ಎಂದರೆ ತಕ್ಷಣ ಅರ್ಥವಾಗುತ್ತದೆ. ಬಾವು ಬಂದ ಕೆಚ್ಚಲನ್ನು ಕರೆಯದೆ ಬಿಡಬಾರದು ಎಂದು ತಿಳಿದಿರುವ ಮನೆಯಲ್ಲೇ ಮಗಳಿಗೆ ಮಾತ್ರ ‘ಆ ಬದಿ ಕೊಡಬೇಡ’ ಎನ್ನುವುದನ್ನು ಕೇಳಿದಾಗ ನನಗೆ ಆಶ್ಚರ್ಯವಾಗುತ್ತದೆ. ಹೋಲಿಕೆ ಅಲ್ಲಿಗೇ ಮುಗಿಯಿತು. ದನದ ಆ ಹಾಲನ್ನು ಚೆಲ್ಲುತ್ತಾರೆ, ತಾಯಿಯ ಹಾಲನ್ನು ಚೆಲ್ಲಬೇಕಾಗಿಲ್ಲ. ಆರೋಗ್ಯವಾಗಿ ಹುಟ್ಟಿದ, ದಿನ ತುಂಬಿದ ಮಗುವಿಗೆ ಅದರಿಂದ ಹಾನಿಯಿಲ್ಲ. ರುಚಿ ಸ್ವಲ್ಪ ಉಪ್ಪಾಗುವುದರಿಂದ ಮಗು ಕೊಸರಾಡಬಹುದು, ಅಷ್ಟೇ. ಹಠಾತ್ತನೆ ನಿಲ್ಲಿಸಿದರೆ ಹಾಲು ನಿಂತು ಕೀವುಗಟ್ಟುವ ಸಂಭವ ಹೆಚ್ಚು. ಎಂದಿನಂತೆ ಕುಡಿಸುತ್ತಿರಿ, ‘ಖಾಲಿ ಮಾಡಬೇಕು’ ಎಂದು ಪಂಪು ಹಿಡಿದು ಕೂರುವುದೂ ಬೇಡ.

ಜ್ವರ ಇಲ್ಲದೆ ಬರೀ ಗಂಟು, ನೋವು ಇದ್ದರೆ ತಂಪು, ವಿಶ್ರಾಂತಿ, ನೋವಿನ ಮಾತ್ರೆಯೊಂದಿಗೆ ಒಂದು ದಿನ ಕಾಯಬಹುದು. 24 ಗಂಟೆಗಳಲ್ಲಿ ಇಳಿಯದಿದ್ದರೆ, ಅಥವಾ ನಿಮ್ಮಂತೆ 101 ಡಿಗ್ರಿ ದಾಟಿದ ಜ್ವರ, ನಡುಕ, ಹರಡುವ ಕೆಂಪು ಇದ್ದರೆ, ಕಾಯದೆ ವೈದ್ಯರ ಬಳಿಗೆ ಹೋಗಬೇಕು. ಹಾಲುಣಿಸುತ್ತಿರುವಾಗ ಕೊಡಬಹುದಾದ ಆ್ಯಂಟಿಬಯೋಟಿಕ್‌ಗಳಿವೆ. ಎರಡು ದಿನದಲ್ಲಿ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟಷ್ಟು ದಿನ ಮುಗಿಸಿ. ಔಷಧ ತೆಗೆದುಕೊಂಡು ಎರಡು ದಿನವಾದರೂ ಗಂಟು ಹಾಗೆಯೇ ಉಳಿದು, ಒತ್ತಿದರೆ ನೀರು ತುಂಬಿದ ಚೀಲದಂತೆ ಅಲುಗಿದರೆ ಕೀವು ಇರಬಹುದು. ಸ್ಕ್ಯಾನ್ ಮಾಡಿ, ಬಹಳಷ್ಟು ಸಲ ಸೂಜಿಯಿಂದಲೇ ಅದನ್ನು ತೆಗೆಯುತ್ತಾರೆ. ಮಂಗಳೂರಿನ ಲೇಡಿಗೋಷನ್, ಉಡುಪಿಯ ತಾಯಿ ಮತ್ತು ಮಕ್ಕಳ ಆಸ್ಪತ್ರೆ ಎರಡೂ ಸರ್ಕಾರಿ ಆಸ್ಪತ್ರೆಗಳು. ಖರ್ಚಿನ ಭಯದಿಂದ ಕಾಯಬೇಕಾಗಿಲ್ಲ.

ಪ್ರಶ್ನೆ: ಮೊಮ್ಮಗಳಿಗೆ ತೊಟ್ಟು ಒಳಗೆ ಹೋಗಿದೆ. ಮಗು ಹಿಡಿಯಲು ಒದ್ದಾಡುತ್ತದೆ, ಅವಳು ನೋವಿನಿಂದ ಅಳುತ್ತಾಳೆ. ಪುಡಿ ಹಾಲು ಕೊಡುವುದೇ ಒಳ್ಳೆಯದಲ್ಲವೇ? (ಬಂಟ್ವಾಳದಿಂದ ಒಬ್ಬರು ಅಜ್ಜಿ)

ಉತ್ತರ: ಅಜ್ಜೀ, ಆತುರ ಬೇಡ. ಮಗು ಕುಡಿಯುವುದು ಎದೆಯನ್ನು ಹಿಡಿದು, ಬರೀ ತೊಟ್ಟನ್ನಲ್ಲ. ಚಪ್ಪಟೆ ತೊಟ್ಟಿನ ಅನೇಕ ತಾಯಂದಿರು ಚೆನ್ನಾಗಿ ಹಾಲುಣಿಸುತ್ತಾರೆ. ನಮ್ಮ ಆಸ್ಪತ್ರೆಗಳ ದಾದಿಯರು ಇದಕ್ಕೆ ಮಾಡುವ ಒಂದು ಸರಳ ಉಪಾಯವಿದೆ: ಹೊಸ 10 ಮಿ.ಲೀ. ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಒಳಗಿನ ತಳ್ಳುಕೋಲನ್ನು ಹೊರತೆಗೆದು ಆ ಕತ್ತರಿಸಿದ ಬದಿಯಿಂದ ತೂರಿಸಿ, ನಯವಾದ ಬದಿಯನ್ನು ತೊಟ್ಟಿನ ಮೇಲಿಟ್ಟು ನೋವಾಗದಂತೆ ಮೆಲ್ಲಗೆ ಎಳೆದು ಅರ್ಧ ನಿಮಿಷ ಹಿಡಿಯುವುದು. ಮಗುವಿಗೆ ಕೊಡುವ ಮೊದಲು ಪ್ರತಿ ಸಲ ಹೀಗೆ ಮಾಡಿದರೆ ತೊಟ್ಟು ಮುಂದೆ ಬರುತ್ತದೆ. ಮೊದಲ ಸಲ ದಾದಿಯ ಕೈಯಿಂದಲೇ ಮಾಡಿಸಿಕೊಳ್ಳಲಿ. ಅಲ್ಲಿಯವರೆಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಿ.

ಪ್ರಶ್ನೆ: ಎರಡನೆಯ ಮಗು, ಸಿಸೇರಿಯನ್. ಹಾಲು ಕೊಡುವಾಗಲೆಲ್ಲ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ. ಹೊಲಿಗೆಗೆ ಏನಾದರೂ ಆಗುತ್ತಿದೆಯೇ? (ಕಾಪು)

ಉತ್ತರ: ಇಲ್ಲ. ಮಗು ಚೀಪುವಾಗ ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನೂ ಸಂಕುಚಿಸುತ್ತದೆ, ಎರಡನೆಯ ಹೆರಿಗೆಯಲ್ಲಿ ಅದು ಹೆಚ್ಚು ನೋಯುತ್ತದೆ. ವಾರದೊಳಗೆ ಕಡಿಮೆಯಾಗುತ್ತದೆ. ಹೊಲಿಗೆಯ ಮೇಲೆ ಮಗುವಿನ ಭಾರ ಬೀಳದಂತೆ ಒಂದು ಬದಿಗೆ ಮಲಗಿ ಕುಡಿಸಿ, ಅಥವಾ ತಲೆದಿಂಬಿನ ಮೇಲೆ ಮಗುವನ್ನಿಟ್ಟು ಅದರ ಕಾಲು ನಿಮ್ಮ ಕಂಕುಳಿನ ಕೆಳಗಿನಿಂದ ಹಿಂದಕ್ಕೆ ಬರುವಂತೆ, ನೀರಿನ ಕೊಡವನ್ನು ಸೊಂಟದಲ್ಲಿ ಅವುಚಿಕೊಂಡಂತೆ ಹಿಡಿದು ಕುಡಿಸಿ.

ಪ್ರಶ್ನೆ: ಒಂದೂವರೆ ತಿಂಗಳು ಏನೂ ತೊಂದರೆ ಇರಲಿಲ್ಲ. ಆಟಿಯ ಮಳೆ ಜೋರಾದಾಗಿನಿಂದ ತೊಟ್ಟಿನಲ್ಲಿ ಮೆಣಸು ಹಚ್ಚಿದಂತೆ ಉರಿ, ಕುಡಿಸಿದ ಮೇಲೂ ಹೋಗುವುದಿಲ್ಲ. ಮಗುವಿನ ಬಾಯೊಳಗೆ ಬಿಳಿ ಬಿಳಿ ಕಾಣುತ್ತದೆ. ಅಮ್ಮ ಜೇನು ಸವರು ಎನ್ನುತ್ತಾರೆ. (ಕುಂದಾಪುರ)

ಉತ್ತರ: ನೋವಿಲ್ಲದೆ ಸಾಗುತ್ತಿದ್ದ ಹಾಲುಣಿಸುವಿಕೆ ಇದ್ದಕ್ಕಿದ್ದಂತೆ ಉರಿಯಲು ತೊಡಗಿದಾಗ, ಮಗುವಿನ ನಾಲಿಗೆ, ಕೆನ್ನೆಯ ಒಳಭಾಗಗಳಲ್ಲಿ ಒರೆಸಿದರೂ ಹೋಗದ ಬಿಳಿ ಇದ್ದರೆ, ಅದು ಶಿಲೀಂಧ್ರದ ಸೋಂಕು ಇರಬಹುದು. ಬರೀ ಹಾಲಿನ ಅಂಟಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹೋಗುತ್ತದೆ. ಸೋಂಕೆಂದು ಖಚಿತವಾದರೆ ತಾಯಿಗೂ ಮಗುವಿಗೂ ಒಟ್ಟಿಗೆ ಔಷಧ ಹಚ್ಚಬೇಕು. ಒಬ್ಬರಿಗೆ ಮಾತ್ರ ಹಚ್ಚಿದರೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ. ಜೇನು ಬೇಡವೇ ಬೇಡ. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಅಪರೂಪಕ್ಕೆ ಬೊಟ್ಯುಲಿಸಮ್ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಅಪಾಯಕಾರಿ ಕಾಯಿಲೆ ಬರಬಹುದು. ಬಜೆ ತೇಯ್ದು ನೆಕ್ಕಿಸುವುದನ್ನೂ ಬಿಡಿ, ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು.

ನಮ್ಮ ಕರಾವಳಿಯ ಮಳೆಗಾಲದ ಪಾಲೂ ಇದರಲ್ಲಿದೆ. ಜೂನ್‌ನಿಂದ ಮೂರು ತಿಂಗಳು ಒಳಉಡುಪು ಸರಿಯಾಗಿ ಒಣಗುವುದಿಲ್ಲ, ಹಾಲು ಸೋರಿದ ಬಟ್ಟೆ ಗಂಟೆಗಟ್ಟಲೆ ಮೈಗೆ ಅಂಟಿಕೊಂಡಿರುತ್ತದೆ, ಆ ತೇವದಲ್ಲಿ ಚರ್ಮ ಬೆಂದಂತಾಗುತ್ತದೆ. ಹತ್ತಿಯ ಬಟ್ಟೆಯನ್ನೇ ಉಡಿ, ಒದ್ದೆಯಾದ ಕೂಡಲೇ ಬದಲಿಸಿ, ತೊಡುವ ಮೊದಲು ಇಸ್ತ್ರಿಪೆಟ್ಟಿಗೆ ಒತ್ತಿ ಒಣಗಿಸಿ. ಕುಡಿಸಿದ ಮೇಲೆ ತೊಟ್ಟು ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತಾ ಉರಿದರೆ ಅದು ಸೋಂಕಲ್ಲ, ಚಳಿಗೆ ರಕ್ತನಾಳ ಸಂಕುಚಿಸಿದ್ದು. ಅದಕ್ಕೆ ಬೇಕಾದದ್ದು ಬೆಚ್ಚಗಿನ ಒಣ ಬಟ್ಟೆ, ಮುಲಾಮಲ್ಲ. ಎರಡನ್ನೂ ಒಂದೇ ಎಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚಿದವರನ್ನು ಕಂಡಿದ್ದೇನೆ.

ಪ್ರಶ್ನೆ: ನಾನು ಮನೆಯಲ್ಲೇ ಬೀಡಿ ಕಟ್ಟುವವಳು. ಮಗುವಿಗೆ ಮೂರು ತಿಂಗಳು. ಕೆಲಸದ ನಡುವೆ ಹಾಲು ಕೊಟ್ಟು ಕೊಟ್ಟು ಕುತ್ತಿಗೆ, ಹೆಬ್ಬೆರಳಿನ ಬುಡ, ಬೆನ್ನು ಎಲ್ಲ ನೋವು. ಹೊಗೆಸೊಪ್ಪಿನ ಕೈಯಿಂದ ಮಗುವಿಗೆ ತೊಂದರೆಯೇ? (ಉಳ್ಳಾಲ)

ಉತ್ತರ: ನಿಮ್ಮ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಬಹಳ ದಿನಗಳಿಂದ ಕಾಯುತ್ತಿದ್ದೆ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ, ಎದೆಹಾಲಿಗೂ ಇಳಿಯುತ್ತದೆ. ಅದರ ದೂಳು ಒಡೆದ ತೊಟ್ಟಿಗೆ ತಾಗಿದರೆ ಉರಿ ಬೇರೆ. ಹಾಗೆಂದು ಹಾಲು ನಿಲ್ಲಿಸುವ ಮಾತಿಲ್ಲ. ಬೀಡಿಯ ತಡ್ಪೆ (ಮೊರ) ಮಗು ಮಲಗುವ ಕೋಣೆಯಲ್ಲಿ ಇರದಿರಲಿ. ಕೆಲಸಕ್ಕೆ ಒಂದು ಹಳೆಯ ಅಂಗಿಯನ್ನು ಮೇಲಿನಿಂದ ತೊಟ್ಟುಕೊಂಡು, ಮಗುವನ್ನು ಎತ್ತುವ ಮೊದಲು ಅದನ್ನು ಕಳಚಿಟ್ಟು, ಕೈಯನ್ನು ಮೊಣಕೈವರೆಗೆ ಸಾಬೂನು ಹಾಕಿ ತೊಳೆಯಿರಿ.

ತಡ್ಪೆಯನ್ನು ಮಡಿಲಲ್ಲಿಟ್ಟು ತಾಸುಗಟ್ಟಲೆ ಬಗ್ಗಿ ಕುಳಿತ ಕುತ್ತಿಗೆ, ಹಾಲು ಕೊಡುವಾಗಲೂ ಹಾಗೆಯೇ ಬಗ್ಗಿದರೆ ನೋಯದೆ ಇನ್ನೇನು ಮಾಡೀತು? ಹಾಲು ಕೊಡುವ ಹೊತ್ತನ್ನಾದರೂ ಬೆನ್ನಿನ ವಿಶ್ರಾಂತಿಯ ಹೊತ್ತಾಗಿ ಮಾಡಿಕೊಳ್ಳಿ: ಗೋಡೆಗೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ತಲೆದಿಂಬಿಟ್ಟು ಮಗುವನ್ನು ಎದೆಯ ಎತ್ತರಕ್ಕೆ ತಂದುಕೊಳ್ಳಿ, ಮಧ್ಯಾಹ್ನ ಮಲಗಿಯೇ ಕುಡಿಸಿ. ಹೆಬ್ಬೆರಳಿನ ಬುಡದ ನೋವು ಎಲೆ ಸುರುಳಿ ಸುತ್ತುವುದರಿಂದಲೂ ಬರುತ್ತದೆ, ಹೆಬ್ಬೆರಳನ್ನು ಅಗಲಿಸಿ ಮಗುವನ್ನು ಕಂಕುಳಿನಿಂದ ಎತ್ತುವುದರಿಂದಲೂ ಬರುತ್ತದೆ. ಅಂಗೈ ಪೂರ್ತಿ ಕೊಟ್ಟು, ಬೆರಳುಗಳನ್ನು ಜೋಡಿಸಿಕೊಂಡು ಎತ್ತಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಕಟ್ಟುಪಟ್ಟಿ ಬೇಕಾದೀತು.

ಕಚೇರಿಗೆ, ಬ್ಯಾಂಕಿಗೆ ಮರಳುತ್ತಿರುವ ಇಬ್ಬರು ಎದೆ ಬಿಗಿದು ಬಟ್ಟೆ ಒದ್ದೆಯಾಗುವ ಬಗ್ಗೆ ಕೇಳಿದ್ದಾರೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಕೊಟ್ಟಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವುಗಳ ಹಕ್ಕು ಹಳೆಯ ಕಾಯ್ದೆಯಲ್ಲೇ ಇತ್ತು. ಆ ಬಿಡುವನ್ನು ಕೇಳಿ ಪಡೆಯಿರಿ, ಮೂರು ನಾಲ್ಕು ಗಂಟೆಗೊಮ್ಮೆ ಹಾಲು ಹಿಂಡಿ ತೆಗೆಯಿರಿ. ನಮ್ಮ ಸೆಕೆಗೆ ಹೊರಗಿಟ್ಟ ಹಾಲನ್ನು 4 ಗಂಟೆಯೊಳಗೆ, ಫ್ರಿಜ್ಜಿನಲ್ಲಿಟ್ಟದ್ದನ್ನು 24 ಗಂಟೆಯೊಳಗೆ ಬಳಸುವುದು ಕ್ಷೇಮ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿ ಕೊಡಲು ಮನೆಯಲ್ಲಿರುವವರಿಗೆ ಹೇಳಿ ಹೋಗಿ.